ಕಾರವಾರಕ್ಕೊಂದು ವಿಷ ಅಧ್ಯಯನ ಘಟಕ ಕೊಡಿ: ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,
ಕರ್ನಾಟಕ ಸರಕಾರ, ಬೆಂಗಳೂರು.

ಮಾನ್ಯರೆ,

ಕುಮಟಾ ಪೇಟೆಯಲ್ಲಿ ಔಷಧ ಅಂಗಡಿ ಇಟ್ಟುಕೊಂಡವನು ನಾನು. ಪತ್ರ ಉದ್ದವಿದೆ, ಹಾಗಾಗಿ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹಾವು, ಚೇಳು, ಜೇನು, ಕಡಲ ಜೀವಿಗಳ ವಿಷವನ್ನು ಅಧ್ಯಯನ ಮಾಡುವ ಒಂದು ಸಣ್ಣ ಘಟಕ ಕಾರವಾರದಲ್ಲಿ ಆಗಬೇಕು. ವಿಷದಿಂದ ಕ್ಯಾನ್ಸರ್ ಔಷಧ ಮಾಡುವ ಪ್ರಯೋಗಗಳೂ ನಡೆದಿವೆ, ಆದರೆ ಆ ಘಟಕದ ಮೊದಲ ಕೆಲಸ ಅದಲ್ಲ, ಉತ್ತರ ಕನ್ನಡದ ಹಾವುಗಳಿಗೆ ಹೊಂದುವ ಪ್ರತಿವಿಷಕ್ಕೆ ದಾರಿ ಮಾಡುವುದು. ಇಲ್ಲಿನ ವಿಷದಿಂದ ನಾಳೆ ಯಾವುದೇ ಔಷಧ ಹುಟ್ಟಿದರೆ ಅದರ ಲಾಭದಲ್ಲಿ ಇಲ್ಲಿನ ಪಂಚಾಯತಿಗಳಿಗೆ ಪಾಲು ಸಿಗುವಂತೆ ಈಗಲೇ ಬರೆದಿಡಬೇಕು.

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಎಂದು ನೀವು ಹೇಳುವ ಮೊದಲೇ ನಮ್ಮ ಜಿಲ್ಲೆಯವರೇ ಹೇಳುತ್ತಾರೆ ಎಂಬುದು ಗೊತ್ತಿದೆ. ಸುಸಜ್ಜಿತ ತುರ್ತು ಚಿಕಿತ್ಸಾ ಆಸ್ಪತ್ರೆ ಬೇಕೆಂದು ವರ್ಷಗಟ್ಟಲೆ ಕೂಗಿದ ಜಿಲ್ಲೆ ಇದು. ಅಪಘಾತವಾದರೂ, ಹೃದಯಾಘಾತವಾದರೂ ಕರಾವಳಿಯವರು ಮಣಿಪಾಲ, ಮಂಗಳೂರು ಅಥವಾ ಗೋವಾ, ಘಟ್ಟದ ಮೇಲಿನವರು ಹುಬ್ಬಳ್ಳಿ ಎಂದು ಆಂಬುಲೆನ್ಸಿನಲ್ಲೇ ಅರ್ಧ ಜೀವ ಕಳೆಯುತ್ತಾರೆ. ಆ ಬೇಡಿಕೆಯನ್ನು ನಾನು ಬಿಟ್ಟುಕೊಡುತ್ತಿಲ್ಲ. ಆದರೆ ಈಗ ಕೇಳುತ್ತಿರುವುದು ಜುಟ್ಟಿನ ಹೂವಲ್ಲ. ಹೇಗೆ ಅಲ್ಲ ಎಂಬುದನ್ನು ನನ್ನ ಅಂಗಡಿಯ ಕಪಾಟಿನಿಂದಲೇ ತೋರಿಸುತ್ತೇನೆ.

ರಕ್ತದೊತ್ತಡದ ಮಾತ್ರೆಗಳಲ್ಲಿ ಎನಾಲಾಪ್ರಿಲ್, ಲಿಸಿನೋಪ್ರಿಲ್, ರಾಮಿಪ್ರಿಲ್ ಎಂಬ ಒಂದು ಕುಟುಂಬ ಇದೆ. ಹೆಗಡೆಯಿಂದ, ಮಿರ್ಜಾನದಿಂದ, ಕತಗಾಲದಿಂದ ತಿಂಗಳಿಗೊಮ್ಮೆ ಚೀಟಿ ಹಿಡಿದು ಬರುವ ಎಷ್ಟೋ ಹಿರಿಯರು ಇದೇ ಮಾತ್ರೆ ಒಯ್ಯುತ್ತಾರೆ. ಈ ಕುಟುಂಬದ ಹಿರಿಯಣ್ಣ ಕ್ಯಾಪ್ಟೊಪ್ರಿಲ್. ಅದರ ಮೂಲ ಬ್ರೆಜಿಲ್‌ನ ಜರರಾಕ ಎಂಬ ಗುಳಿಮಂಡಲದ ವಿಷ. ಆ ಹಾವು ಕಚ್ಚಿದವರ ರಕ್ತದೊತ್ತಡ ಧಡಕ್ಕನೆ ಕುಸಿಯುತ್ತಿತ್ತು. ಯಾಕೆ ಎಂದು ಬೆನ್ನು ಹತ್ತಿದವರು ಅಲ್ಲಿನ ವಿಜ್ಞಾನಿಗಳೇ. 1949ರಲ್ಲಿ ರೋಚ ಎ ಸಿಲ್ವ ಮತ್ತು ಸಂಗಡಿಗರು ಇದೇ ವಿಷವನ್ನು ಬಳಸಿ, ರಕ್ತನಾಳವನ್ನು ಸಡಿಲಿಸುವ ಬ್ರಾಡಿಕಿನಿನ್ ಎಂಬ ವಸ್ತುವನ್ನು ಕಂಡುಕೊಂಡರು. ಆ ಬ್ರಾಡಿಕಿನಿನ್ನಿನ ಬಲವನ್ನು ಹೆಚ್ಚಿಸುವ ಪುಟ್ಟ ಪೆಪ್ಟೈಡುಗಳು (ಅಮೈನೊ ಆಮ್ಲಗಳ ಸಣ್ಣ ಸರಗಳು) ವಿಷದಲ್ಲಿವೆ ಎಂದು 1965ರಲ್ಲಿ ಸರ್ಜಿಯೊ ಫೆರೇರ ತೋರಿಸಿದರು. ಅವರು ಅದನ್ನು ಲಂಡನ್ನಿನ ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ಒಯ್ದರು. ಅಲ್ಲಿಂದ ವಿಷಯ ಅಮೆರಿಕದ ಸ್ಕ್ವಿಬ್ ಕಂಪನಿಗೆ ಹೋಯಿತು. ವಿಷದ ಪೆಪ್ಟೈಡನ್ನು ಇಂಜೆಕ್ಷನ್ನಾಗಿ ಮಾತ್ರ ಕೊಡಬಹುದಿತ್ತು, ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತಿತ್ತು. ಕಂಪನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ಆ ಪೆಪ್ಟೈಡು ದೇಹದ ಯಾವ ಕಿಣ್ವಕ್ಕೆ ಹೇಗೆ ಕಚ್ಚಿಕೊಳ್ಳುತ್ತದೆ ಎಂದು ನೋಡಿ, ಅದೇ ಜಾಗಕ್ಕೆ ಕೂರುವ ಸಣ್ಣ ರಾಸಾಯನಿಕವನ್ನು ಕಟ್ಟಿದರು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಇಂದು ಆ ಮಾತ್ರೆಯಲ್ಲಿ ವಿಷದ ಒಂದು ಹನಿಯೂ ಇಲ್ಲ, ಪೂರ್ತಿ ಕಾರ್ಖಾನೆಯ ಮಾಲು. ಹಾವಿನಿಂದ ಬಂದದ್ದು ತಿಳಿವಳಿಕೆ ಮಾತ್ರ. ಕಂಪನಿಗೆ ಕೋಟಿಗಟ್ಟಲೆ ಡಾಲರ್ ಬಂತು. ಹಾವು ಕೊಟ್ಟ ಕಾಡಿಗೆ, ಕಚ್ಚಿಸಿಕೊಂಡ ಕೂಲಿಯವರ ಊರಿಗೆ ಏನೂ ಬರಲಿಲ್ಲ. ಕೇಳಲು ಆಗ ಕಾನೂನೂ ಇರಲಿಲ್ಲ. ನಮಗೆ ಈಗ ಕಾನೂನು ಇದೆ, ಅದರ ಮಾತು ಮುಂದೆ ಬರುತ್ತದೆ.

ಕ್ಯಾಪ್ಟೊಪ್ರಿಲ್ ಒಂದೇ ಅಲ್ಲ. ಹೃದಯಾಘಾತದ ರೋಗಿಗೆ ಐಸಿಯುನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಎಪ್ಟಿಫಿಬಟೈಡ್ ಒಂದು ಜಾತಿಯ ಅಮೆರಿಕದ ಬುಡುಬುಡಿಕೆ ಹಾವಿನಿಂದ ಬಂತು. ಟಿರೋಫಿಬಾನ್ ರೂಪುಗೊಂಡದ್ದು ನಮ್ಮ ದೇಶದಲ್ಲೂ ಇರುವ ಗರಗಸ ಮಂಡಲದ ವಿಷದ ಒಂದು ಪ್ರೋಟೀನನ್ನು ನೋಡಿ. ಈಗ ತೂಕ ಇಳಿಸುವ ಇಂಜೆಕ್ಷನ್ ಎಂದು ಎಲ್ಲರ ಬಾಯಲ್ಲಿರುವ ಔಷಧಗಳ ಸಾಲಿನಲ್ಲಿ ಮೊದಲು ಬಂದ ಎಕ್ಸೆನಟೈಡ್ (2005) ಗಿಲಾ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಸಿಕ್ಕಿದ್ದು. ಕೋನ್ ಶಂಖದ ಹುಳು ಮೀನು ಹಿಡಿಯಲು ಬಳಸುವ ವಿಷದಿಂದ ಬಂದ ಜಿಕೊನೊಟೈಡ್ (2004), ಮಾರ್ಫಿನ್‌ಗೂ ಬಗ್ಗದ ನೋವಿಗೆ ಬೆನ್ನುಹುರಿಯ ದ್ರವಕ್ಕೇ ಕೊಡುವ ಔಷಧ. ನಮ್ಮ ಕಡೆಯವರು ಮಳೆಗಾಲದಲ್ಲಿ ಸುಣ್ಣ-ತಂಬಾಕು ಹಚ್ಚಿ ಕಿತ್ತೆಸೆಯುವ ಉಂಬಳದ ದಾಯಾದಿಯಾದ ಜಿಗಣೆಯ ಬಾಯಿರಸದಿಂದಲೂ ರಕ್ತ ಹೆಪ್ಪುಗಟ್ಟದಿರುವ ಔಷಧ ಬಂದಿದೆ. ಉಂಬಳ ಬಿಟ್ಟ ಮೇಲೂ ಕಾಲಿನ ರಕ್ತ ನಿಲ್ಲದಿರುವುದು ಯಾಕೆಂದು ಶಿರಸಿ, ಸಿದ್ದಾಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕೊಳಕುಮಂಡಲವನ್ನೇ ನೋಡಿ. ತೆಂಗಿನ ಸಿಪ್ಪೆಯ ರಾಶಿಯಲ್ಲಿ, ಗದ್ದೆಯ ಹಾಳಿಯಲ್ಲಿ ಮಲಗಿರುವ ಈ ಹಾವಿನ ವಿಷದಲ್ಲಿ ರಕ್ತ ಹೆಪ್ಪುಗಟ್ಟಿಸುವ ಸರಪಳಿಯ ಹತ್ತನೇ ಅಂಶವನ್ನು ಚಾಲೂ ಮಾಡುವ ಕಿಣ್ವವಿದೆ. ಕಚ್ಚಿದಾಗ ದೇಹದಲ್ಲಿದ್ದ ಹೆಪ್ಪುಗಟ್ಟುವ ಸಾಮಗ್ರಿಯೆಲ್ಲ ಒಮ್ಮೆಲೇ ಖರ್ಚಾಗಿ, ಆಮೇಲೆ ರಕ್ತ ನೀರಿನಂತೆ ಹರಿಯುತ್ತದೆ. ಒಸಡಿನಿಂದ, ಮೂತ್ರದಲ್ಲಿ, ಹಳೆಯ ಗಾಯದಿಂದಲೂ ರಕ್ತ. ಇದನ್ನು ಪತ್ತೆ ಮಾಡಲು ದೊಡ್ಡ ಯಂತ್ರ ಬೇಡ. ಸೋಪು ತಾಗದ, ಒಣಗಿದ ಗಾಜಿನ ಕೊಳವೆಯಲ್ಲಿ 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ನಿಧಾನ ವಾಲಿಸಿದರೆ ಗಟ್ಟಿಯಾಗಿ ಕೂತಿರಬೇಕಾದದ್ದು ಹರಿದು ಬಂದರೆ ಪ್ರತಿವಿಷ ಶುರು ಮಾಡಬೇಕು ಎಂದು ಅರ್ಥ. ಪ್ಲಾಸ್ಟಿಕ್ ಕೊಳವೆ ನಡೆಯದು, ಗಾಜೇ ಬೇಕು. ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಇಂಥ ಗಾಜಿನ ಕೊಳವೆ ಇದೆಯೇ ಎಂದು ಒಮ್ಮೆ ವಿಚಾರಿಸಿ ನೋಡಿ, ಸಾಹೇಬರೆ.

ಇದೇ ವಿಷವನ್ನು 1934ರಲ್ಲಿ ಲಂಡನ್ನಿನಲ್ಲಿ ಮ್ಯಾಕ್‌ಫರ್ಲೇನ್ ಎಂಬ ವೈದ್ಯರು ತೆಳುಮಾಡಿ, ರಕ್ತ ನಿಲ್ಲದ ಹಿಮೋಫಿಲಿಯಾ ರೋಗಿಗಳ ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸಿದರು. ಪದೇ ಪದೇ ಗರ್ಭಪಾತವಾಗುವ ಹೆಣ್ಣುಮಕ್ಕಳಿಗೆ ದೊಡ್ಡ ಲ್ಯಾಬುಗಳಲ್ಲಿ ಮಾಡಿಸುವ ಡಿಆರ್‌ವಿವಿಟಿ (ಡೈಲ್ಯೂಟ್ ರಸೆಲ್ಸ್ ವೈಪರ್ ವೆನಮ್ ಟೈಮ್) ಎಂಬ ಪರೀಕ್ಷೆಯ ಹೆಸರಿನಲ್ಲೇ ರಸೆಲ್ಸ್ ವೈಪರ್ ಎಂದು ಈ ಹಾವು ಇಂದಿಗೂ ಕೂತಿದೆ. ಕೊಂಕಣ ಸೀಮೆಯ ಕೆಂಪು ಚೇಳಿನ ಜಾತಿಯಿಂದ ತೆಗೆದ ಐಬೀರಿಯೊಟಾಕ್ಸಿನ್, ಜೀವಕೋಶದ ಪೊಟ್ಯಾಸಿಯಂ ದ್ವಾರಗಳನ್ನು ಅಭ್ಯಾಸ ಮಾಡುವ ಜಗತ್ತಿನ ಹಲವು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಚೇಳು ನಮ್ಮ ದೇಶದ್ದು, ಸೀಸೆ ಬರುವುದು ವಿದೇಶಿ ಕಂಪನಿಯಿಂದ.

ಇನ್ನು ನ್ಯಾನೊ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ವಿದ್ಯೆಯ ವಿಷಯ. ಸಿ.ಎನ್.ಆರ್. ರಾವ್ ಅವರಂಥವರು ಹುಟ್ಟಿದ ನಾಡಿನಲ್ಲಿ ಈ ಪದ ಯಾರಿಗೂ ಹೊಸದಲ್ಲ. ಬೆಂಗಳೂರಿನಲ್ಲಿ ಇದಕ್ಕೆಂದೇ ಮೇಳಗಳಾಗುತ್ತವೆ, ಮಂತ್ರಿಗಳು ದೀಪ ಹಚ್ಚುತ್ತಾರೆ. ಕೊರೋನಾ ಕಾಲದ ಎಂಆರ್‌ಎನ್‌ಎ ಲಸಿಕೆಗಳು ದೇಹದೊಳಗೆ ಹೋದದ್ದು ಕೊಬ್ಬಿನ ನ್ಯಾನೊ ಕಣಗಳಲ್ಲಿ ಅಡಗಿಕೊಂಡೇ. ವಿಷಕ್ಕೂ ಇದಕ್ಕೂ ನಂಟು ಎಲ್ಲಿ ಎಂದರೆ, ವಿಷದ ಪೆಪ್ಟೈಡುಗಳಿಗೆ ಔಷಧವಾಗಲು ಅಡ್ಡಿಯಾಗುವ ಎರಡು ಗುಣಗಳಿವೆ. ಕೆಲವು ರಕ್ತಕ್ಕೆ ಬಿದ್ದ ಸ್ವಲ್ಪ ಹೊತ್ತಿಗೇ ಕಿಣ್ವಗಳಿಗೆ ತುತ್ತಾಗಿ, ಮೂತ್ರಪಿಂಡದಲ್ಲಿ ಸೋಸಿ ಹೋಗುತ್ತವೆ. ಕೆಲವಕ್ಕೆ ಸ್ನೇಹಿತ, ಶತ್ರು ಎಂಬ ಭೇದವಿಲ್ಲ.

ಜೇನು ವಿಷದ ಮೆಲಿಟಿನ್ ಈ ಎರಡನೇ ಬಗೆಯದು. ಒಣಗಿದ ಜೇನು ವಿಷದಲ್ಲಿ ಹೆಚ್ಚುಕಡಿಮೆ ಅರ್ಧ ಇದೇ. 26 ಅಮೈನೊ ಆಮ್ಲಗಳ ಪುಟ್ಟ ಸರ, ಜೀವಕೋಶದ ಪೊರೆಗೆ ತೂತು ಹೊಡೆಯುವುದು ಇದರ ಕಸುಬು. ಕ್ಯಾನ್ಸರ್ ಕೋಶಕ್ಕೂ ಹೊಡೆಯುತ್ತದೆ, ಕೆಂಪು ರಕ್ತಕಣಕ್ಕೂ ಹೊಡೆಯುತ್ತದೆ. ಬರಿದೇ ಸುಣ್ಣ ನಾಲಿಗೆಗೆ ಹಚ್ಚಿದರೆ ಬಾಯಿ ಸುಟ್ಟೀತು, ಎಲೆಗೆ ಸವರಿ ಕವಳ ಕಟ್ಟಿದರೆ ಅದೇ ಸುಣ್ಣ ತನ್ನ ಕೆಲಸವನ್ನಷ್ಟೇ ಮಾಡುತ್ತದಲ್ಲ, ವಿಜ್ಞಾನಿಗಳು ಮೆಲಿಟಿನ್‌ಗೆ ಹುಡುಕಿದ್ದು ಅಂಥದೊಂದು ಎಲೆಯನ್ನು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2009ರಲ್ಲಿ ಅದನ್ನು ಫ್ಲೋರೋಕಾರ್ಬನ್ ತಿರುಳಿನ ನ್ಯಾನೊ ಕಣಗಳ ಕೊಬ್ಬಿನ ಹೊದಿಕೆಯಲ್ಲಿ ಕೂರಿಸಿ ಇಲಿಗಳಿಗೆ ಕೊಟ್ಟರು. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಗೆಡ್ಡೆಗಳು, ಔಷಧ ಸಿಗದ ಇಲಿಗಳಿಗೆ ಹೋಲಿಸಿದರೆ ಶೇ. 88ರಷ್ಟು ಚಿಕ್ಕದಾಗಿದ್ದವು. ಸ್ತನದ ಗೆಡ್ಡೆಯ ಬೆಳವಣಿಗೆ ಶೇ. 25ರ ಹತ್ತಿರ ತಗ್ಗಿತು. 2013ರಲ್ಲಿ ಅದೇ ವಿಶ್ವವಿದ್ಯಾಲಯದವರು ಎಚ್‌ಐವಿ ವೈರಸ್ಸಿನ ಮೇಲೆ ಪ್ರಯೋಗಿಸಿದರು. ಕಣದ ಮೈಮೇಲೆ ಅಲ್ಲಲ್ಲಿ ಉಬ್ಬುಗಳನ್ನು ಇಟ್ಟಿದ್ದರು. ದೊಡ್ಡ ಗಾತ್ರದ ನಮ್ಮ ಜೀವಕೋಶ ಬಂದು ತಾಗಿದರೆ ಉಬ್ಬಿಗೆ ಬಡಿದು ಹಿಂದಕ್ಕೆ ಹೋಗುತ್ತದೆ. ತೀರಾ ಸಣ್ಣದಾದ ವೈರಸ್ ಉಬ್ಬುಗಳ ನಡುವೆ ನುಸುಳಿ ಮೆಲಿಟಿನ್‌ನ ಬಾಯಿಗೆ ಬೀಳುತ್ತದೆ. ಯೋಚನೆಯ ಚೆಂದಕ್ಕೆ ತಲೆದೂಗಬೇಕು. 2014ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ, ನಮ್ಮ ದೇಶ ಮೂಲದ ದೀಪಾಂಜನ್ ಪಾನ್ ಅವರ ತಂಡ, ವಿಷದ ಪೆಪ್ಟೈಡುಗಳನ್ನು ಹೊತ್ತ ನ್ಯಾನೊ ಕಣಗಳು ಸ್ತನ ಕ್ಯಾನ್ಸರ್ ಮತ್ತು ಮೆಲನೋಮ ಕೋಶಗಳ ಬೆಳವಣಿಗೆ ತಡೆದವು ಎಂದು ವರದಿ ಮಾಡಿತು. ಜೇನು ಸಾಕಿ ಅಷ್ಟು ವಿಷ ಕೂಡಿಸಲಾಗದು ಎಂದು ಅವರು ಪೆಪ್ಟೈಡನ್ನು ಪ್ರಯೋಗಾಲಯದಲ್ಲೇ ತಯಾರಿಸಿಕೊಂಡಿದ್ದರು.

ಒಂದು ಮಾತು ಇಲ್ಲಿ ಖಡಾಖಂಡಿತ ಹೇಳಬೇಕು. ಇವೆಲ್ಲ ಇಲಿಯ ಮೇಲೆ, ಗಾಜಿನ ತಟ್ಟೆಯ ಮೇಲೆ ಆದ ಕೆಲಸ. ಇಷ್ಟು ವರ್ಷವಾದರೂ ಜೇನು ವಿಷದ ನ್ಯಾನೊ ಔಷಧ ಯಾವುದೂ ಕ್ಯಾನ್ಸರ್ ಚಿಕಿತ್ಸೆಗೆಂದು ನನ್ನ ಅಂಗಡಿಗೆ ಬಂದಿಲ್ಲ. ಆದರೆ ವಾಟ್ಸಾಪಿನಲ್ಲಿ ಬಂದಾಗಿದೆ! ‘ಜೇನು ಕಚ್ಚಿಸಿಕೊಂಡರೆ ಗೆಡ್ಡೆ ಕರಗುತ್ತದಂತೆ, ಹೌದಾ’ ಎಂದು ಕೇಳಿಕೊಂಡು ಬರುವವರಿದ್ದಾರೆ. ಕೀಮೋ ಬಿಟ್ಟು ಹೆಜ್ಜೇನಿನ ಹಿಂದೆ ಹೋಗಬೇಡಿ ಎಂದು ಬೈದು ಕಳಿಸಬೇಕಾಗುತ್ತದೆ. ಹಾಗೆಯೇ ಹಾವಿನ ವಿಷ ಲೀಟರಿಗೆ ಕೋಟಿ ಬೆಲೆ ಎಂಬ ಮಾತು ನಂಬಿ ಹಾವು ಹಿಡಿದು ಜೈಲು ಸೇರಿದವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಸಂಶೋಧನೆಗೆ ಬೇಕಾಗುವುದು ಮಿಲಿಗ್ರಾಮುಗಳ ಲೆಕ್ಕದ ವಿಷ, ಅದೂ ಯಾವ ಹಾವಿನದು, ಯಾವ ಊರಿನದು ಎಂಬ ದಾಖಲೆ ಸಮೇತ. ಕದ್ದು ತಂದ ಡಬ್ಬಿಯ ವಿಷ ಯಾವ ಪ್ರಯೋಗಾಲಯಕ್ಕೂ ಬೇಡ. ಸರಕಾರಿ ಘಟಕವೊಂದು ಜಿಲ್ಲೆಯಲ್ಲೇ ಇದ್ದು ಈ ಮಾತನ್ನು ಅಧಿಕೃತವಾಗಿ ಹೇಳಿದರೆ ಅಂಗಡಿಯವನ ಮಾತಿಗಿಂತ ಹೆಚ್ಚು ತೂಕ ಬರುತ್ತದೆ.

ನ್ಯಾನೊ ವಿದ್ಯೆಯಲ್ಲಿ ನಮ್ಮ ಜಿಲ್ಲೆಗೆ ನಿಜವಾಗಿ ಹತ್ತಿರವಾದದ್ದು ಬೇರೆ ಇದೆ. 2013ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಿಯಾಂಗ್‌ಫಾಂಗ್ ಝಾಂಗ್ ತಂಡ, ಪ್ಲಾಸ್ಟಿಕ್ಕಿನಂಥ ನ್ಯಾನೊ ಕಣಗಳಿಗೆ ಕೆಂಪು ರಕ್ತಕಣದ ಪೊರೆಯನ್ನು ತೊಡಿಸಿತು. ಪೊರೆಗೆ ತೂತು ಹೊಡೆಯುವ ವಿಷಗಳು ಇದನ್ನೇ ನಿಜವಾದ ರಕ್ತಕಣವೆಂದು ತಿಳಿದು ಬಂದು ಅಂಟಿಕೊಂಡು ಅಲ್ಲೇ ಸಿಕ್ಕಿಬಿದ್ದವು. ಅರ್ವೈನ್‌ನಲ್ಲಿ ಕೆನೆತ್ ಶಿಯಾ ಅವರ ತಂಡ, ಹಾವಿನ ವಿಷದ ಪ್ರೋಟೀನುಗಳನ್ನು ಹಿಡಿದುಕೊಳ್ಳುವ ನ್ಯಾನೊ ಕಣಗಳನ್ನು ಮಾಡಿ, ಇಲಿಗಳಲ್ಲಿ ಕಚ್ಚಿದ ಜಾಗದ ಮಾಂಸ ಕೊಳೆಯುವುದನ್ನು ತಗ್ಗಿಸಿತು. ಇಂದಿನ ಪ್ರತಿವಿಷ ರಕ್ತದಲ್ಲಿರುವ ವಿಷವನ್ನು ಹಿಡಿಯುತ್ತದೆ, ಕಚ್ಚಿದ ಬೆರಳಿನಲ್ಲಿ ಆಗಲೇ ಇಳಿದ ವಿಷದ ಮೇಲೆ ಅದರ ಆಟ ಹೆಚ್ಚು ನಡೆಯುವುದಿಲ್ಲ. ಪ್ರಾಣ ಉಳಿದರೂ ಬೆರಳು ಕಳೆದುಕೊಂಡವರು, ಕಾಲು ಸೊಟ್ಟಗಾದವರು ನಮ್ಮ ಊರುಗಳಲ್ಲಿ ಕಡಿಮೆ ಇಲ್ಲ. ಅಡಿಕೆ ಕೊನೆ ಕೊಯ್ಯುವವನ ಕಾಲು ಹೋದರೆ ಪ್ರಾಣ ಉಳಿದದ್ದಕ್ಕೆ ಮನೆಯವರು ದೇವರಿಗೆ ಕೈಮುಗಿಯುತ್ತಾರೆ, ಮುಂದಿನ ವರ್ಷದ ಕೂಲಿ ಮಾತ್ರ ಬರುವುದಿಲ್ಲ.

ಹಾಗಾಗಿ ಪ್ರತಿವಿಷದ ಮಾತಿಗೆ ಬರುತ್ತೇನೆ. ನಮ್ಮ ದೇಶದ ಪ್ರತಿವಿಷ ನಾಲ್ಕು ಹಾವುಗಳಿಗಾಗಿ ಮಾಡಿದ್ದು: ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ. ಅದನ್ನು ಮಾಡಲು ಬೇಕಾದ ವಿಷ ಬಹಳ ಮಟ್ಟಿಗೆ ತಮಿಳುನಾಡಿನಿಂದ ಬರುತ್ತದೆ. ಹಾವು ಹಿಡಿಯುವುದರಲ್ಲಿ ನುರಿತ ಇರುಳ ಬುಡಕಟ್ಟಿನವರು 1978ರಲ್ಲಿ ಕಟ್ಟಿದ ಸಹಕಾರಿ ಸಂಘ ಈ ಕೆಲಸ ಮಾಡುತ್ತಿದೆ, ಅವರ ಕೌಶಲಕ್ಕೆ ಇಡೀ ದೇಶ ಋಣಿ. ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸಿ ಪುಡಿ ಮಾಡುತ್ತಾರೆ. ಆದರೆ ಒಂದೇ ಜಾತಿಯ ಹಾವಿನ ವಿಷವೂ ಊರಿಂದೂರಿಗೆ ಬೇರೆಯಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಮತ್ತು ಅವರ ತಂಡ 2019ರಲ್ಲೇ, ದೇಶದ ಬೇರೆ ಬೇರೆ ಕಡೆಯ ಹಾವುಗಳ ವಿಷ, ಪಟ್ಟಿಯಲ್ಲಿಲ್ಲದ ಹಾವುಗಳ ವಿಷ ಎರಡರ ಮೇಲೂ ಮಾರುಕಟ್ಟೆಯ ಪ್ರತಿವಿಷ ಎಷ್ಟು ಸೋಲುತ್ತದೆ ಎಂದು ತೋರಿಸಿದೆ.

ನಮ್ಮಲ್ಲಿ ಈ ಸೋಲು ಕಣ್ಣೆದುರಿಗೇ ಇದೆ. ಮೂಗಿನ ತುದಿ ಗೂನಿನಂತೆ ಮೇಲೆದ್ದಿರುವ, ಗೇಣುದ್ದದಿಂದ ಮೊಳದುದ್ದದ ಒಂದು ಗುಳಿಮಂಡಲ ನಮ್ಮ ಘಟ್ಟದ ಕಾಡಿನಲ್ಲೂ ತೋಟದಲ್ಲೂ ಇದೆ. ವಿಜ್ಞಾನಿಗಳು ಅದನ್ನು ಹಿಪ್ನೇಲ್ ಹಿಪ್ನೇಲ್ ಎನ್ನುತ್ತಾರೆ. ದರಕಿನ, ಅಂದರೆ ಒಣ ತರಗೆಲೆಯ ಬಣ್ಣವೇ ಅದರ ಮೈಬಣ್ಣ. ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸಿ ಕಲ್ಲಿಗೆ (ಬಲೆಯಂಥ ಚೀಲಕ್ಕೆ) ತುಂಬುವ ಕೈಗಳಿಗೆ ಅದು ಕಚ್ಚುತ್ತದೆ. ಕಳೆದ ಮಳೆಗಾಲಕ್ಕೆ ಮುಂಚೆ ಘಟ್ಟದ ಬುಡದ ಹಳ್ಳಿಯೊಂದರ ಹೆಂಗಸು, ಈ ಹಾವು ಕಚ್ಚಿದ್ದ ಗಂಡನಿಗೆ ಔಷಧ ಒಯ್ಯಲು ಬಂದಿದ್ದಳು. ಹಾವನ್ನು ಹೊಡೆದು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿಕೊಂಡೇ ಆಸ್ಪತ್ರೆಗೆ ಹೋಗಿದ್ದರಂತೆ. ಒಬ್ಬರು ಕೊಳಕುಮಂಡಲದ ಮರಿ ಎಂದರು, ಇನ್ನೊಬ್ಬರು ಗರಗಸ ಮಂಡಲ ಎಂದರು. ಹತ್ತು ಬಾಟಲಿ ಪ್ರತಿವಿಷ ಏರಿಸಿದ ಮೇಲೂ ಕೊಳವೆಯ ರಕ್ತ ಹೆಪ್ಪುಗಟ್ಟಲಿಲ್ಲ, ಮತ್ತಷ್ಟು ಏರಿಸಿದರು, ಮೈತುಂಬ ದದ್ದು ಎದ್ದು ನಡುಕ ಬಂತು. ಕೊನೆಗೆ ಜಿಲ್ಲೆಯ ಹೊರಗೆ ಕಳಿಸಿದರು. ‘ಅಲ್ಲಿ ಡಾಕ್ಟ್ರು ಈ ಹಾವಿಗೆ ಔಷಧವೇ ಇಲ್ಲ ಹೇಳಿ ಹೇಳಿದ್ರು. ಹಂಗಾದ್ರೆ ಅಷ್ಟು ಬಾಟ್ಲಿ ಯಾತಕ್ಕೆ ಹಾಕಿದ್ದು, ಅಣ್ಣಾ?’ ಎಂದಳು. ಡಯಾಲಿಸಿಸ್ ಮಾಡಿಸಿಕೊಂಡು ಬದುಕಿ ಬಂದ, ಅದೇ ದೊಡ್ಡದು. ವೈದ್ಯರನ್ನು ದೂರುವುದಿಲ್ಲ, ಅವರ ಕೈಯಲ್ಲಿ ಇದ್ದದ್ದೇ ಆ ಒಂದು ಬಾಟಲಿ. ಹಿಪ್ನೇಲ್ ವಿಷಕ್ಕೆ ಹೊಂದುವ ಪ್ರತಿವಿಷ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇಲ್ಲ.

ಕಡಲಿನ ಕಡೆ ಬನ್ನಿ. ಬೈತಖೋಲದಲ್ಲಿ, ತದಡಿಯಲ್ಲಿ, ಕಾಸರಕೋಡಿನಲ್ಲಿ ಬಲೆ ಬಿಡಿಸುವಾಗ ಮೀನಿನ ಜೊತೆ ಕಡಲ ಹಾವು ಬರುವುದು ಮಾಮೂಲು. ಬಾಲ ಹಿಡಿದು ನೀರಿಗೆ ಬಿಸಾಡುತ್ತಾರೆ. ಕಚ್ಚಿದರೆ ನೋವೂ ಇಲ್ಲ, ಬಾವೂ ಇಲ್ಲ. ತಾಸು ಕಳೆದ ಮೇಲೆ ಮೈಕೈ ಸೆಳೆತ, ಬಾಯಿ ತೆರೆಯಲು ಬಿಗಿತ, ಆಮೇಲೆ ಕಪ್ಪು ಚಹದ ಬಣ್ಣದ ಮೂತ್ರ. ಸ್ನಾಯು ಕರಗಿ ಮೂತ್ರಪಿಂಡಕ್ಕೆ ಇಳಿಯುತ್ತಿರುವ ಲಕ್ಷಣ ಅದು. ಕಡಲ ಹಾವಿನ ಪ್ರತಿವಿಷ ಮಾಡುವುದು ಆಸ್ಟ್ರೇಲಿಯಾದಲ್ಲಿ. ನಮ್ಮ ನಾಲ್ಕು ಹಾವುಗಳ ಬಾಟಲಿಯಲ್ಲಿ ಇದರ ಪಾಲಿಲ್ಲ. ಕಾಳಿಂಗನದೂ ಇಲ್ಲ. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಜಾತಿ ಎಂದು 2024ರಲ್ಲಿ ಸಾಬೀತಾಗಿ ಅದಕ್ಕೆ ಒಫಿಯೋಫಾಗಸ್ ಕಾಳಿಂಗ ಎಂದೇ ಹೆಸರಿಟ್ಟರು, ಎಲ್ಲರೂ ಹೆಮ್ಮೆಪಟ್ಟೆವು. ಹೆಸರು ಬಂತು, ಪ್ರತಿವಿಷ ಬರಲಿಲ್ಲ.

ಸರಕಾರ ಕಣ್ಣು ಮುಚ್ಚಿ ಕೂತಿದೆ ಎಂದರೆ ಅನ್ಯಾಯವಾದೀತು. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು 2024ರ ಫೆಬ್ರುವರಿಯಲ್ಲಿ ಘೋಷಿಸಿದ ಮೊದಲ ರಾಜ್ಯ ಕರ್ನಾಟಕ. ಮಾರ್ಚ್‌ನಲ್ಲಿ ಕೇಂದ್ರವೂ ರಾಷ್ಟ್ರೀಯ ಕ್ರಿಯಾ ಯೋಜನೆ ತಂದು, 2030ರೊಳಗೆ ಸಾವನ್ನು ಅರ್ಧಕ್ಕಿಳಿಸುವ ಗುರಿ ಇಟ್ಟಿತು. 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ 58,000 ಜನ ಹಾವು ಕಡಿದು ಸತ್ತರು ಎಂಬ ಅಂದಾಜು ಇರುವಾಗ ಇದು ಸಣ್ಣ ಹೆಜ್ಜೆಯಲ್ಲ. ಈಗ ಕಚ್ಚಿದ್ದು ಎಲ್ಲಿ, ಎಷ್ಟು ಹೊತ್ತಿಗೆ ಎಂಬ ಲೆಕ್ಕ ನಿಮ್ಮ ಕಂಪ್ಯೂಟರಿಗೆ ಬರುತ್ತಿದೆ. ಕಚ್ಚಿದ್ದು ಯಾವ ಹಾವು ಎಂಬುದು ಖಾತ್ರಿಯಾಗದೆ, ಆ ಹಾವಿನ ವಿಷದ ಗುಣ ಗೊತ್ತಾಗದೆ ಆ ಲೆಕ್ಕ ಅರ್ಧವೇ ಉಳಿಯುತ್ತದೆ. ಅದನ್ನು ಹೇಳುವ ಪ್ರಯೋಗಾಲಯ ಈ ಜಿಲ್ಲೆಯಲ್ಲಿ ಇಲ್ಲ.

ಸಣ್ಣ ಊರಿನಲ್ಲಿ ಇದೆಲ್ಲ ಆಗುವ ಮಾತೇ ಎಂದರೆ, ಇದೇ ಕರಾವಳಿಯ ಗುಂಟ ಉತ್ತರಕ್ಕೆ ಹೋದರೆ ಮಹಾರಾಷ್ಟ್ರದ ಮಹಾಡ ಸಿಗುತ್ತದೆ. ಅಲ್ಲಿನ ಡಾ. ಹಿಮ್ಮತರಾವ್ ಬಾವಸ್ಕರ್ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂತು ಕೆಂಪು ಚೇಳು ಕಡಿದವರನ್ನು ರಾತ್ರಿಯಿಡೀ ನೋಡಿ, ನಾಡಿ, ರಕ್ತದೊತ್ತಡ ಬರೆದಿಟ್ಟರು. ಸಾವು ಬರುವುದು ಹೃದಯ ಮತ್ತು ಶ್ವಾಸಕೋಶದ ದಾರಿಯಲ್ಲಿ ಎಂದು ಗುರುತಿಸಿ, ಪ್ರಾಜೋಸಿನ್ ಎಂಬ ಅಗ್ಗದ ಬಿಪಿ ಮಾತ್ರೆ ಕೊಟ್ಟರು. ಶೇ. 40ರಷ್ಟಿದ್ದ ಸಾವು ಶೇ. 1ರ ಹತ್ತಿರಕ್ಕೆ ಇಳಿಯಿತು. ಅವರ ಬರಹಗಳನ್ನು ಲಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿತು, ಜಗತ್ತಿನ ಚೇಳು ಕಡಿತದ ಚಿಕಿತ್ಸೆಯೇ ಬದಲಾಯಿತು. ಅವರ ಹತ್ತಿರ ದೊಡ್ಡ ಪ್ರಯೋಗಾಲಯ ಇರಲಿಲ್ಲ. ರೋಗಿ ಇದ್ದಲ್ಲೇ ಅವರೂ ಇದ್ದರು, ಅದು ಬೆಂಗಳೂರಿನಲ್ಲಿ ಕೂತರೆ ಸಿಗುವುದಿಲ್ಲ.

ಕಾರವಾರದಲ್ಲಿ ಅದಕ್ಕಿಂತ ಹೆಚ್ಚೇ ಇದೆ. ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ, ಅಲ್ಲಿ ಕಲಿಯುವ ಮಕ್ಕಳಿದ್ದಾರೆ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಇದೆ, ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೂ ಊರಿನಲ್ಲಿದ್ದಾರೆ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯ ಇದೆ. ಹಾವು ಹಿಡಿದು ಕಾಡಿಗೆ ಬಿಡುವ ಅನುಭವಿಗಳು ಪ್ರತಿ ತಾಲೂಕಿನಲ್ಲಿದ್ದಾರೆ. ಕಟ್ಟಡಕ್ಕೆ ಶಂಕುಸ್ಥಾಪನೆ ಬೇಡ. ವೈದ್ಯಕೀಯ ಕಾಲೇಜಿನಲ್ಲೇ ಎರಡು ಕೋಣೆ, ವಿಷವನ್ನು ತಣಿಸಿ ಒಣಗಿಸುವ ಯಂತ್ರ, ಮೈನಸ್ 80 ಡಿಗ್ರಿಯ ಫ್ರೀಜರು, ಅದಕ್ಕೆ ನಿಲ್ಲದ ವಿದ್ಯುತ್ತು (ಮಳೆಗಾಲದ ನಮ್ಮ ಕರೆಂಟಿನ ಕಥೆ ನಿಮಗೆ ಗೊತ್ತು), ಖಾಯಂ ನೌಕರಿಯ ಇಬ್ಬರು ಮೂವರು ವಿಜ್ಞಾನಿಗಳು. ಗುತ್ತಿಗೆಯವರಾದರೆ ಕೆಲಸ ಕಲಿತು ಬೆಂಗಳೂರಿಗೆ ಹೋಗಿಬಿಡುತ್ತಾರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಕಾದ ಪರವಾನಗಿಯನ್ನು ಅರಣ್ಯ ಇಲಾಖೆಯಿಂದ ಘಟಕವೇ ಪಡೆಯಲಿ. ಹಿಪ್ನೇಲ್ ಮತ್ತು ಕಡಲ ಹಾವಿನ ವಿಷದಿಂದ ಕೆಲಸ ಶುರುವಾಗಲಿ, ಭಾರತೀಯ ವಿಜ್ಞಾನ ಸಂಸ್ಥೆಯ ವಿಷ ಪ್ರಯೋಗಾಲಯ ಮತ್ತು ನ್ಯಾನೊ ವಿಭಾಗದ ಜೊತೆ ಒಪ್ಪಂದವಾಗಲಿ. 2024ರಲ್ಲಿ ಅದೇ ಸಂಸ್ಥೆ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ, ನಾಗರಹಾವಿನ ಕುಲದ ಒಂದು ಮುಖ್ಯ ನರವಿಷದ ಬಗೆಯನ್ನು ಹಿಡಿಯುವ ಕೃತಕ ಮಾನವ ಪ್ರತಿಕಾಯವನ್ನು ಮಾಡಿ ತೋರಿಸಿದೆ. ಕುದುರೆ ಬಿಟ್ಟು ಮುಂದಕ್ಕೆ ಹೋಗುವ ದಾರಿ ಅದು. ಆ ದಾರಿಯಲ್ಲಿ ಘಟ್ಟದ ಮಂಡಲದ ವಿಷಕ್ಕೂ ಸರದಿ ಬರಬೇಕಾದರೆ ಯಾರಾದರೂ ಅದನ್ನು ಕ್ರಮವಾಗಿ ಸಂಗ್ರಹಿಸಿಟ್ಟಿರಬೇಕಲ್ಲವೇ?

ಪಾಲಿನ ಮಾತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಸ್ಥಳೀಯ ಜೀವಸಂಪತ್ತಿನಿಂದ ವ್ಯಾಪಾರ ಹುಟ್ಟಿದರೆ ಲಾಭದ ಹಂಚಿಕೆಯಾಗಬೇಕು. ಎಷ್ಟೋ ಪಂಚಾಯತಿಗಳಲ್ಲಿ ಈ ಸಮಿತಿ ದಾಖಲೆ ಪುಸ್ತಕದಲ್ಲಿ ಮಾತ್ರ ಜೀವಂತ. ಈಗಿನ ಕಾಲದಲ್ಲಿ ವಿಷ ಹೊತ್ತೊಯ್ಯುವ ಅಗತ್ಯವೂ ಇಲ್ಲ. ವಿಷಗ್ರಂಥಿಯ ಜೀನುಗಳನ್ನು ಒಮ್ಮೆ ಓದಿ ಇಂಟರ್ನೆಟ್ಟಿಗೆ ಹಾಕಿದರೆ, ಯಾವ ದೇಶದಲ್ಲಾದರೂ ಕೂತು ಅದೇ ಪೆಪ್ಟೈಡನ್ನು ತಯಾರಿಸಿಕೊಳ್ಳಬಹುದು. 2024ರಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ಸೇರಿದ ಜೀವವೈವಿಧ್ಯ ಶೃಂಗಸಭೆ ಇಂಥ ಮಾಹಿತಿಯಿಂದ ಲಾಭ ಮಾಡುವ ಕಂಪನಿಗಳು ಹಣ ಹಾಕಬೇಕಾದ ನಿಧಿಯೊಂದನ್ನು ಒಪ್ಪಿಕೊಂಡಿತು. ಅದು ದೂರದ ಮಾತು. ಹತ್ತಿರದ ಮಾತು ಎಂದರೆ, ಕಾರವಾರದ ಘಟಕದಿಂದ ಹೊರಹೋಗುವ ಪ್ರತಿ ಮಾದರಿಯ ಜೊತೆ, ಪ್ರತಿ ಜೀನ್ ಮಾಹಿತಿಯ ಜೊತೆ ಯಾವ ಪಂಚಾಯತಿಯ ಹಾವು, ಯಾವ ಬಂದರಿನ ಬಲೆ ಎಂಬ ದಾಖಲೆ ಹೋಗಬೇಕು, ಒಪ್ಪಂದಕ್ಕೆ ರಾಜ್ಯ ಜೀವವೈವಿಧ್ಯ ಮಂಡಳಿಯ ಸಹಿ ಇರಬೇಕು. ಕಡಲ ಹಾವು ತಂದುಕೊಟ್ಟ ಹರಿಕಂತ್ರ, ಖಾರ್ವಿ ಮೀನುಗಾರರ ಸಹಕಾರಿ ಸಂಘಕ್ಕೆ ಅಂದಂದಿನ ಶ್ರಮಕ್ಕೆ ಅಂದಂದೇ ಹಣ ಸಿಗಬೇಕು. ಔಷಧವಾಗಲು ಹತ್ತಿಪ್ಪತ್ತು ವರ್ಷ ಹಿಡಿದೀತು, ಆಗದೆಯೂ ಇದ್ದೀತು. ಅಲ್ಲಿಯವರೆಗೆ ಕಾಯಿರಿ ಎನ್ನಲಾಗದು.

ಜೇನು ಸಾಕುವವರಿಗೂ ಸುಳ್ಳು ಆಸೆ ಹುಟ್ಟಿಸಬೇಡಿ. ಗಾಜಿನ ಹಲಗೆಯ ಮೇಲೆ ತಂತಿ ಎಳೆದು ಸಣ್ಣ ವಿದ್ಯುತ್ ಹಾಯಿಸಿ, ಜೇನು ಸಾಯದಂತೆ ವಿಷ ತೆಗೆಯುವ ವಿಧಾನವಿದೆ. ಒಂದು ಹುಳ ಕೊಡುವುದು ಮಿಲಿಗ್ರಾಮಿನ ಹತ್ತನೇ ಒಂದು ಪಾಲಿನ ಆಸುಪಾಸು. ಮೆಲಿಟಿನ್ ಪ್ರಯೋಗಾಲಯದಲ್ಲೇ ತಯಾರಾಗುವಾಗ ಶಿರಸಿಯ ತುಡುವೆ ಪೆಟ್ಟಿಗೆಯಿಂದ ಯಾರೂ ಶ್ರೀಮಂತರಾಗುವುದಿಲ್ಲ. 1990ರ ದಶಕದಲ್ಲಿ ಜೇನುಮರಿಗಳನ್ನು ಕೊಲ್ಲುವ ಥಾಯ್ ರೋಗ ಬಂದು ಪೆಟ್ಟಿಗೆಗಳು ಖಾಲಿಯಾದದ್ದನ್ನು ಕಂಡವರಿಗೆ ಯೋಜನೆಯ ಹೆಸರಿನಲ್ಲಿ ಇನ್ನೊಂದು ಸಾಲ ಹೊರಿಸುವುದು ಬೇಡ.

ಘಟಕ ಆಗುವವರೆಗೂ ಕಾಯದೆ ಈ ವಾರವೇ ಮಾಡಬಹುದಾದ ಕೆಲಸಗಳೂ ಇವೆ. ಜಿಲ್ಲೆಯ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಗಾಜಿನ ಕೊಳವೆ ಹೋಗಲಿ. ಗುಳಿಮಂಡಲ, ಕೊಳಕುಮಂಡಲ, ಗರಗಸ ಮಂಡಲದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟ ಒಂದು ಭಿತ್ತಿಪತ್ರ ತುರ್ತು ಚಿಕಿತ್ಸಾ ಕೋಣೆಯ ಗೋಡೆಗೆ ಬರಲಿ, ಬಂದರುಗಳಲ್ಲಿ ಕಡಲ ಹಾವಿನದೂ ಒಂದು. ಪ್ರತಿವಿಷ ನಾಟದ ಕಡಿತ ಕಂಡರೆ ಡಯಾಲಿಸಿಸ್ ಇರುವ ಆಸ್ಪತ್ರೆಗೆ ಯಾವ ಹಂತದಲ್ಲಿ ಕಳಿಸಬೇಕು ಎಂಬ ಲಿಖಿತ ಸೂಚನೆ ವೈದ್ಯರ ಕೈಗೆ ಸಿಗಲಿ. ಘಟಕದ ಬಗ್ಗೆ ಆಗುತ್ತದೆ, ಆಗುವುದಿಲ್ಲ, ಎರಡರಲ್ಲಿ ಒಂದು ಉತ್ತರವನ್ನು ಕಾರಣ ಸಮೇತ ಲಿಖಿತದಲ್ಲಿ ಕೊಡಿ. ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಚೇರಿಗೂ ಜಿಲ್ಲಾ ಪಂಚಾಯತಿಗೂ ಕಳಿಸಿದ್ದೇನೆ. ಜಿಲ್ಲೆಯ ಪ್ರಗತಿ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯ ವಿಷಯಪಟ್ಟಿಯಲ್ಲಿ ಇದು ಬರಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಔಷಧ ವ್ಯಾಪಾರಿ
ಕುಮಟಾ, ಉತ್ತರ ಕನ್ನಡ